ಹರಳೆಣ್ಣೆಯ ಅಂಟು: ಪಾಲಿಯುರೇಥೇನ್ ಪರ್ಯಾಯಗಳ ಅರ್ಧ ದಾರಿ

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಬೆಲ್ಲದ ಪೇಟೆ. ನಮ್ಮ ನಾಡಿನ ಗಾಣಗಳಲ್ಲಿ ಕಬ್ಬಿನ ರಸ ಕುದಿದು, ನೊರೆ ಕೊಪ್ಪರಿಗೆಯ ಅಂಚಿಗೆ ಏರಿದಾಗ ನಾಲ್ಕು ಹನಿ ಹರಳೆಣ್ಣೆ ಬಿಡುವುದು ರೂಢಿ. ಉಕ್ಕಿದ ನೊರೆ ಅಲ್ಲೇ ಕುಸಿಯುತ್ತದೆ. ಇದೇ ಎಣ್ಣೆಗೆ ಪಾಲಿಯುರೇಥೇನ್ ಎಂಬ ಅಂಟಿನ ಚರಿತ್ರೆಯಲ್ಲೂ ಒಂದು ಮುಖ್ಯ ಸ್ಥಾನವಿದೆ.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ 1849ರಲ್ಲಿ ಐಸೊಸೈನೇಟನ್ನು ತಯಾರಿಸಿದ. ಅದನ್ನು ಹೈಡ್ರಾಕ್ಸಿಲ್ ಗುಂಪುಗಳಿರುವ ಪಾಲಿಯಾಲ್‌ಗೆ ಬೆಸೆದು ಪಾಲಿಯುರೇಥೇನ್ ಮಾಡಿದವರು ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು, 1937ರಲ್ಲಿ. ಚಪ್ಪಲಿಯ ಅಟ್ಟೆ, ಮರ, ಪದರಪದರವಾದ ಪ್ಲಾಸ್ಟಿಕ್ ಪೊಟ್ಟಣ ಎಲ್ಲವನ್ನೂ ಈ ಅಂಟು ಹಿಡಿಯುತ್ತದೆ. ಅದರ ಎರಡು ಭಾಗಗಳಿಗೂ ಬಹುಪಾಲು ಪೆಟ್ರೋಲಿಯಮ್ಮೇ ಮೂಲವಾಯಿತು.

ಪಾಲಿಯಾಲ್‌ಗೆ ಪರ್ಯಾಯ ಸಿಕ್ಕಿದ್ದು ಸುಲಭವಾಗಿ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 90 ಪ್ರತಿಶತ ರಿಸಿನೊಲಿಯಿಕ್ ಆಮ್ಲ. ಅದರಲ್ಲಿ ಹೈಡ್ರಾಕ್ಸಿಲ್ ಹುಟ್ಟಿನಿಂದಲೇ ಇದೆ. ಸೋಯಾ ಎಣ್ಣೆಗಾದರೆ ಅದನ್ನು ರಾಸಾಯನಿಕ ಕ್ರಿಯೆಯಿಂದ ಸೇರಿಸಬೇಕು. ಸಕ್ಕರೆಯ ಒಂದು ಅಣುವಿನಲ್ಲಿ ಎಂಟು ಹೈಡ್ರಾಕ್ಸಿಲ್‌ಗಳಿವೆ. ಜಪಾನಿನ ಸಂಶೋಧಕ ಹ್ಯೋಎ ಹತಕೆಯಾಮ ಕಾಕಂಬಿಯನ್ನೂ, ಸಸ್ಯಕ್ಕೆ ಗಡಸುತನ ಕೊಡುವ ಲಿಗ್ನಿನನ್ನೂ ಪಾಲಿಯಾಲ್ ಆಗಿ ಬಳಸಿ ಪಾಲಿಯುರೇಥೇನ್ ಮಾಡಿ ತೋರಿಸಿದರು. ಮಹಾಲಿಂಗಪುರದ ಸುತ್ತಲಿನ ಮುಧೋಳ, ಜಮಖಂಡಿ ಸೀಮೆಯಲ್ಲಿ ಕಾಕಂಬಿಯೂ ಇದೆ, ಲಿಗ್ನಿನ್ ತುಂಬಿದ ಕಬ್ಬಿನ ಸಿಪ್ಪೆಯೂ ಇದೆ. ಆದರೆ ಕಾಕಂಬಿಗೆ ಮದ್ಯಸಾರದ ಭಟ್ಟಿ ಕಾದಿರುತ್ತದೆ, ಸಿಪ್ಪೆಗೆ ಕಾರ್ಖಾನೆಯ ಬಾಯ್ಲರ್. ಇವನ್ನು ಬರಿಯ ತ್ಯಾಜ್ಯವೆಂದು ಲೆಕ್ಕ ಹಾಕುವ ಸಂಶೋಧನೆ ದಾರಿ ತಪ್ಪುತ್ತದೆ.

ನನ್ನ ಆಕ್ಷೇಪ ಇನ್ನೊಂದು ಭಾಗದ ಬಗ್ಗೆ. ಐಸೊಸೈನೇಟ್ ತಯಾರಿಗೆ ಸಾಮಾನ್ಯವಾಗಿ ಬೇಕಾಗುವುದು ಫಾಸ್ಜೀನ್, ಮೊದಲ ಮಹಾಯುದ್ಧದಲ್ಲಿ ಬಳಸಿದ ವಿಷಾನಿಲ. ಪೂರ್ತಿ ಗಟ್ಟಿಯಾದ ಅಂಟಿನಿಂದ ಭಯ ಕಡಿಮೆ; ಗಟ್ಟಿಯಾಗುವ ಮುನ್ನ ಏಳುವ ಆವಿಯಿಂದ ಕೆಲಸಗಾರನಿಗೆ ಉಬ್ಬಸ ಹತ್ತಬಹುದು. ಒಮ್ಮೆ ಹತ್ತಿದರೆ ಆವಿಯ ಅತ್ಯಲ್ಪ ಸಂಪರ್ಕಕ್ಕೂ ಉಸಿರು ಕಟ್ಟುತ್ತದೆ. ಐರೋಪ್ಯ ಒಕ್ಕೂಟದಲ್ಲಿ 0.1 ಪ್ರತಿಶತಕ್ಕಿಂತ ಹೆಚ್ಚು ಡೈಐಸೊಸೈನೇಟ್ ಇರುವ ಸರಕನ್ನು ವೃತ್ತಿಯಲ್ಲಿ ಬಳಸುವವರಿಗೆ 2023ರ ಆಗಸ್ಟ್ 24ರಿಂದ ತರಬೇತಿ ಕಡ್ಡಾಯ. ಹರಳೆಣ್ಣೆ ಸೇರಿಸಿದ ಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ.

ಅದನ್ನು ತಪ್ಪಿಸುವ ಹಾದಿ ಬೇರೆ. ಎಪಾಕ್ಸೀಕರಿಸಿದ ಎಣ್ಣೆಗೆ ಇಂಗಾಲದ ಡೈಆಕ್ಸೈಡ್ ಕೂಡಿಸಿದರೆ ವರ್ತುಲ ಕಾರ್ಬೊನೇಟ್ ಸಿಗುತ್ತದೆ. ಅದು ಅಮೀನ್ ಜೊತೆ ಬೆರೆತು, ಐಸೊಸೈನೇಟಿನ ಹಂಗಿಲ್ಲದೆ ಯುರೇಥೇನ್ ಬಂಧವಾಗುತ್ತದೆ. ಪ್ರತಿ ಬಂಧದ ಪಕ್ಕದಲ್ಲಿ ಹೊಸದೊಂದು ಹೈಡ್ರಾಕ್ಸಿಲ್ ಹುಟ್ಟುತ್ತದೆ. ಮರವನ್ನೂ ಲೋಹವನ್ನೂ ಬಿಗಿಯಾಗಿ ಹಿಡಿಯಲು ನೆರವಾಗುವುದು ಅದೇ, ನೀರು ಹೀರಿ ಅಂಟನ್ನು ಸಡಿಲಿಸುವುದೂ ಅದೇ. ಸಾಮಾನ್ಯ ಉಷ್ಣತೆಯಲ್ಲಿ ಈ ಕ್ರಿಯೆ ನಿಧಾನ. ಇಂದಿನ ಪ್ರಯೋಗಾಲಯಗಳು ಹೆಣಗುತ್ತಿರುವುದು ಇಲ್ಲಿಯೇ.

ಎಲ್ಲ ಕೆಲಸಕ್ಕೂ ಪಾಲಿಯುರೇಥೇನ್ ಬೇಕಿಲ್ಲ ಎನ್ನುವುದಕ್ಕೆ ಕೊಪ್ಪಳದ ಕಿನ್ನಾಳದ ಗೊಂಬೆಗಳೇ ಸಾಕ್ಷಿ: ಅಲ್ಲಿ ಮರದ ಹೊಟ್ಟನ್ನು ಹಿಡಿದಿಡುವುದು ಹುಣಸೆ ಬೀಜದ ಅಂಟು. ಆದರೆ ಮಳೆ, ಬಿಸಿಲು ತಾಳಬೇಕಾದ ಕಡೆ ಹೊಸ ಅಂಟು ಬೇಕೇ ಬೇಕು. ಡಬ್ಬಿಯ ಮೇಲೆ ‘ಸಸ್ಯಮೂಲ’ ಎಂದಿದ್ದರೆ ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಿ: ಸಸ್ಯದಿಂದ ಬಂದದ್ದು ಪಾಲಿಯಾಲ್ ಮಾತ್ರವೋ, ಐಸೊಸೈನೇಟನ್ನೂ ಕೈಬಿಟ್ಟಿದ್ದಾರೋ?