ಕ್ಯಾಮೆರಾ ನಿಂತ ಜಾಗ

ಹಳೆಯ ಮಂಟಪಗಳ ಒಳಾಂಗಣವನ್ನು ಸುತ್ತಲೂ 360 ಡಿಗ್ರಿಯಲ್ಲಿ ಸೆರೆಹಿಡಿಯುವುದು ಚೆನ್ನೈಗೆ ಬಂದು ನೆಲೆಸಿದ ಮೇಲೆ ನನಗೆ ಅಂಟಿಕೊಂಡ ಹವ್ಯಾಸ. ಇದನ್ನು ಕೇಳಿದ ಗೆಳೆಯರೆಲ್ಲ ಮೊದಲು ವಿಚಾರಿಸುವುದು ಲೆನ್ಸು ಯಾವುದು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲಿನದು ಎಂದು. ಪನೋರಮಾ ಚಿತ್ರದಲ್ಲಿ ಇವೆರಡಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ: ಕ್ಯಾಮೆರಾ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ಶ್ರೀರಂಗಪಟ್ಟಣವೂ ಬೆಂಗಳೂರೂ ಬರುತ್ತವೆ.

ಪನೋರಮಾ ಕ್ಯಾಮೆರಾಕ್ಕಿಂತ ಹಳೆಯದು. ಎಡಿನ್‌ಬರೋದಲ್ಲಿದ್ದ ಚಿತ್ರಕಾರ ರಾಬರ್ಟ್ ಬಾರ್ಕರ್, ವೃತ್ತಾಕಾರದ ಗೋಡೆಯ ಮೇಲೆ ಸುತ್ತಲಿನ ದೃಶ್ಯವನ್ನೆಲ್ಲ ಚಿತ್ರಿಸುವ ವಿಧಾನಕ್ಕೆ 1787ರಲ್ಲಿ ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಇದಕ್ಕೆಂದೇ ಒಂದು ದುಂಡು ಕಟ್ಟಡ ಎದ್ದಿತು. ಟಿಕೆಟ್ ಕೊಂಡವರು ಕತ್ತಲ ಓಣಿಯಲ್ಲಿ ನಡೆದು, ಮೆಟ್ಟಿಲು ಹತ್ತಿ, ನಟ್ಟನಡುವಿನ ಕಟ್ಟೆಗೆ ಬರಬೇಕು. ಬೆಳಕು ಮೇಲಿನಿಂದ ಚಿತ್ರದ ಮೇಲೆ ಮಾತ್ರ ಬೀಳುತ್ತಿತ್ತು. ಬಾರ್ಕರ್‌ನ ಜಾಣತನವೆಲ್ಲ ಆ ಕಟ್ಟೆಯಲ್ಲಿತ್ತು. ನೋಡುಗ ಅಲ್ಲಿದ್ದರೆ ಮಾತ್ರ ಚಿತ್ರದ ಅಳತೆಗಳು ಸರಿಹೊಂದುತ್ತಿದ್ದವು. ಇಂದಿನ ಟ್ರೈಪಾಡಿನ ಕೆಲಸವನ್ನು ಅಂದು ಆ ಕಟ್ಟೆ ಮಾಡುತ್ತಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ಆ ಕೋಟೆಯ ಲಗ್ಗೆಯ ಭಾರೀ ಪನೋರಮಾ ಪ್ರದರ್ಶನಕ್ಕೆ ಬಂತು. ಅರ್ಧವೃತ್ತದ ಆಕಾರ, ಸುಮಾರು 120 ಅಡಿ ಉದ್ದ. ಬರೆದವನು ಇಪ್ಪತ್ತರ ಹರೆಯದ ರಾಬರ್ಟ್ ಕೆರ್ ಪೋರ್ಟರ್. ಆರೇ ವಾರಗಳಲ್ಲಿ ಮುಗಿಸಿದನೆಂದು ಹೇಳುತ್ತಾರೆ. ಆತ ಶ್ರೀರಂಗಪಟ್ಟಣದ ಯುದ್ಧವನ್ನು ಕಂಡವನಲ್ಲ. ಮೂಲ ಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು; ಅದನ್ನು ನೋಡಿ ಕೊರೆದ ಮುದ್ರಣಚಿತ್ರಗಳು ಉಳಿದಿವೆ. ಅವುಗಳಲ್ಲಿ ಒಡೆದ ಕೋಟೆಗೋಡೆಯತ್ತ ನುಗ್ಗುವ ಬ್ರಿಟಿಷ್ ಅಧಿಕಾರಿಗಳು ಎದ್ದು ಕಾಣುತ್ತಾರೆ. ಟಿಕೆಟ್ ಕೊಂಡ ಲಂಡನ್ನಿನವರು ಯುದ್ಧದ ನಡುವೆ ನಿಂತಂತೆ ಪುಳಕಗೊಂಡಿರಬೇಕು. ಆದರೆ ಅವರನ್ನು ನಿಲ್ಲಿಸಿದ್ದು ಮುತ್ತಿಗೆ ಹಾಕಿದವರ ಕಡೆ. ಕೋಟೆಯ ಒಳಗಿದ್ದವರ ಕಣ್ಣಿಗೆ ಆ ಮಧ್ಯಾಹ್ನ ಹೇಗಿತ್ತು ಎಂಬುದಕ್ಕೆ ಆ 120 ಅಡಿಗಳಲ್ಲಿ ಜಾಗವಿರಲಿಲ್ಲ. ಎಲ್ಲವನ್ನೂ ತೋರಿಸುತ್ತೇನೆ ಎನ್ನುವ ಚಿತ್ರವೂ ಯಾರೋ ಆರಿಸಿಕೊಂಡ ಒಂದು ಜಾಗದಿಂದಲೇ ನೋಡಿದ್ದಾಗಿರುತ್ತದೆ.

ಕ್ಯಾಮೆರಾ ಬಂದ ಮೇಲೆ ಈ ಜಾಗದ ಪ್ರಶ್ನೆ ಮಿಲಿಮೀಟರಿನ ಲೆಕ್ಕಕ್ಕೆ ಇಳಿಯಿತು. ಹೆಬ್ಬೆರಳನ್ನು ಕಣ್ಣೆದುರು ಹಿಡಿದು, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುತ್ತ ನೋಡಿ. ಹಿಂದಿನ ಗೋಡೆಯ ಮುಂದೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಇದೇ ಪ್ಯಾರಲಾಕ್ಸ್. ಬೆಟ್ಟದ ತುದಿಯಲ್ಲಿ ನಿಂತು ದೂರದ ಕಣಿವೆಯನ್ನು ತೆಗೆಯುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಕಂಬಗಳ ಮಂಟಪದಲ್ಲಿ ಹಾಗಲ್ಲ. ಮೂರಡಿ ದೂರದಲ್ಲಿ ಒಂದು ಕಂಬ, ಅದರ ಹಿಂದೆ ಮೂವತ್ತು ಅಡಿ ದೂರದಲ್ಲಿ ಇನ್ನೊಂದು. ಕ್ಯಾಮೆರಾ ತಿರುಗುವಾಗ ಲೆನ್ಸು ಎರಡು ಅಂಗುಲ ಪಕ್ಕಕ್ಕೆ ಸರಿದರೂ ಸಾಕು, ಜೋಡಿಸಿದ ಚಿತ್ರದಲ್ಲಿ ಕಂಬ ಮುರಿದಂತೆ ಕಾಣುತ್ತದೆ.

ಆದ್ದರಿಂದ ಕ್ಯಾಮೆರಾ ತನ್ನ ತಳದ ಸ್ಕ್ರೂ ಸುತ್ತ ತಿರುಗಬಾರದು. ಲೆನ್ಸಿನೊಳಗೆ ಬೆಳಕಿನ ಕಿರಣಗಳು ಕೂಡುವಂತೆ ಕಾಣುವ ಬಿಂದುವಿನ ಸುತ್ತ ತಿರುಗಬೇಕು. ಛಾಯಾಗ್ರಾಹಕರು ಇದನ್ನು ರೂಢಿಯಲ್ಲಿ ನೋಡಲ್ ಪಾಯಿಂಟ್ ಎನ್ನುತ್ತಾರೆ. ಹುಡುಕುವುದು ಸುಲಭ. ಟ್ರೈಪಾಡಿನ ಮೇಲೆ ಜಾರುಪಟ್ಟಿಯಿರುವ ಪನೋರಮಾ ಹೆಡ್ ಕೂರಿಸಿ, ಮಟ್ಟ ನೋಡಿಕೊಳ್ಳಬೇಕು. ಹತ್ತಿರದ ಕಂಬದ ಅಂಚು ಮತ್ತು ದೂರದ ಕಂಬದ ಅಂಚು ಒಂದೇ ಗೆರೆಯಲ್ಲಿ ಕಾಣುವಂತೆ ನಿಲ್ಲಿಸಿ, ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಅಂಚುಗಳು ಬೇರೆಯಾದರೆ ಪಟ್ಟಿಯ ಮೇಲೆ ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಅಥವಾ ಮುಂದೆ ಜಾರಿಸಬೇಕು. ಎತ್ತ ತಿರುಗಿಸಿದರೂ ಅಂಚುಗಳು ಕೂಡಿಯೇ ಇದ್ದರೆ ಬಿಂದು ಸಿಕ್ಕಿತು. ಫುಲ್‌ಫ್ರೇಮ್ ಕ್ಯಾಮೆರಾವನ್ನು ನೆಟ್ಟಗೆ ನಿಲ್ಲಿಸಿ 24 ಮಿಲಿಮೀಟರ್ ಲೆನ್ಸ್ ಹಾಕಿದರೆ 36 ಡಿಗ್ರಿಗೆ ಒಂದರಂತೆ ಸುತ್ತಿಗೆ 10 ಚಿತ್ರಗಳು ಬೇಕು. ಅಕ್ಕಪಕ್ಕದ ಚಿತ್ರಗಳು ಸುಮಾರು ಮೂರನೇ ಒಂದು ಭಾಗ ಒಂದರ ಮೇಲೊಂದು ಬರುತ್ತವೆ. ಛಾವಣಿಗೂ ನೆಲಕ್ಕೂ ಬೇರೆ ಸುತ್ತುಗಳು. ಫೋಕಸ್, ಬಣ್ಣದ ಸಮತೋಲ, ಅಪರ್ಚರ್ ಯಾವುದನ್ನೂ ನಡುವೆ ಬದಲಿಸುವಂತಿಲ್ಲ. ಬಾಗಿಲಿನ ಬಿಸಿಲಿಗೂ ಗರ್ಭಗುಡಿಯ ಕಡೆಯ ಕತ್ತಲಿಗೂ ಹೊಂದುವಂತೆ ಪ್ರತಿ ದಿಕ್ಕಿನಲ್ಲೂ ಬೇರೆ ಬೇರೆ ಶಟರ್ ವೇಗದ ಮೂರು ಚಿತ್ರ ತೆಗೆಯುತ್ತೇನೆ.

ಇಷ್ಟೆಲ್ಲ ಸಲಕರಣೆಯಿಲ್ಲದ ಕಾಲದಲ್ಲಿ ಜಾಗದ ಬೆಲೆಯನ್ನು ಚೆನ್ನಾಗಿ ಅರಿತಿದ್ದವನು ಲಿನೇಯಸ್ ಟ್ರೈಪ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಯಾಗಿದ್ದ ಆತ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರ ತೆಗೆದ. ಮುಂದೆ ಮದ್ರಾಸ್ ಸರ್ಕಾರದ ಛಾಯಾಗ್ರಾಹಕನಾಗಿ ತಮಿಳುನಾಡು ಸುತ್ತಿ, ಬೆಂಗಳೂರಿಗೆ ಮರಳಿ ಅಚ್ಚು ಹಾಕಿಸಿದ. ಮಧುರೈನ ಪುದುಮಂಟಪದ ಒಳಗೆ ಆತ ತೆಗೆದ ಪ್ರಸಿದ್ಧ ಚಿತ್ರಕ್ಕೆ ಕೊಟ್ಟ ಶೀರ್ಷಿಕೆಯಲ್ಲೇ ಇಡೀ ವಿವರವಿದೆ: ದಕ್ಷಿಣದ ಕಂಬಸಾಲಿನ ಓಣಿ, ಪಶ್ಚಿಮದ ಮೊಗಸಾಲೆಯಿಂದ. ಏನನ್ನು ನೋಡಿದೆ ಎಂಬುದರ ಜೊತೆಗೆ ಎಲ್ಲಿ ನಿಂತು ನೋಡಿದೆ ಎಂದೂ ಬರೆದಿಟ್ಟ.

ತಂಜಾವೂರಿನಲ್ಲಿ ಆತ ಇನ್ನೂ ದೊಡ್ಡ ಕೆಲಸ ಮಾಡಿದ. ಬೃಹದೀಶ್ವರ ದೇವಾಲಯದ ವಿಮಾನದ ತಳಭಾಗದಲ್ಲಿ ಉದ್ದಕ್ಕೂ ತಮಿಳು ಶಾಸನಗಳಿವೆ. 1858ರಲ್ಲಿ ಟ್ರೈಪ್ ಅವನ್ನು ತುಂಡುತುಂಡಾಗಿ ತೆಗೆದು, 21 ಚಿತ್ರಗಳನ್ನು ಕೂಡಿಸಿ ಸುಮಾರು 19 ಅಡಿ ಉದ್ದದ ಸುರುಳಿ ಮಾಡಿದ. ಒಂದೇ ಕಡೆ ನಿಂತು ಕ್ಯಾಮೆರಾ ತಿರುಗಿಸಿದ್ದರೆ ದೂರದ ಅಕ್ಷರಗಳು ಕುಗ್ಗಿ ಓದಲಾಗದಂತಾಗುತ್ತಿದ್ದವು. ಆದ್ದರಿಂದ ಕ್ಯಾಮೆರಾವನ್ನೇ ಗೋಡೆಯುದ್ದಕ್ಕೂ ನಡೆಸಿದ. ಕೋಣೆಯನ್ನು ಚಿತ್ರಿಸಲು ನಿಲ್ಲಬೇಕು, ಗೋಡೆಯನ್ನು ಓದಲು ನಡೆಯಬೇಕು. ಆ ಶಾಸನಗಳ ಪಾಠ ಹುಲ್ಟ್ಜ್ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ್ದು 1891ರಲ್ಲಿ, ಟ್ರೈಪ್‌ನ ಸುರುಳಿಗೆ ಮೂವತ್ತಮೂರು ವರ್ಷ ತುಂಬಿದಾಗ. ಅಷ್ಟರೊಳಗೆ ಸರ್ಕಾರ ಛಾಯಾಗ್ರಹಣವನ್ನು ದುಂದುವೆಚ್ಚವೆಂದು ಬಗೆದು ಟ್ರೈಪ್‌ನ ವಿಭಾಗವನ್ನೇ ಮುಚ್ಚಿ ಬಹಳ ಕಾಲವಾಗಿತ್ತು.

ಈಗ ಜೋಡಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ 1998ರಲ್ಲಿ ಪನೋರಮಾ ಟೂಲ್ಸ್ ಎಂಬ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ನಾನು ಬಳಸುವ ಹ್ಯೂಗಿನ್ ಅದರ ಬುನಾದಿಯ ಮೇಲೆಯೇ ಎದ್ದದ್ದು. ಆದರೆ ಎಲ್ಲಿ ನಿಲ್ಲಬೇಕೆಂದು ಯಾವ ತಂತ್ರಾಂಶವೂ ಹೇಳುವುದಿಲ್ಲ.

ಕಚೇರಿಯಲ್ಲಿ ಯಾವ ಬದಲಾವಣೆಯನ್ನೂ ದಾಖಲೆಯಿಲ್ಲದೆ ಮುಂದಕ್ಕೆ ಬಿಡದಿರುವುದು ನನ್ನ ವೃತ್ತಿಯ ಅಭ್ಯಾಸ. ಅದನ್ನೇ ಇಲ್ಲೂ ಪಾಲಿಸುತ್ತೇನೆ. ಪ್ರತಿ ಪನೋರಮಾದ ಜೊತೆಗೆ ಟ್ರೈಪಾಡು ಯಾವ ಕಂಬದಿಂದ ಎಷ್ಟು ಅಡಿ ದೂರದಲ್ಲಿತ್ತು, ಲೆನ್ಸು ನೆಲದಿಂದ ಎಷ್ಟು ಎತ್ತರದಲ್ಲಿತ್ತು, ದಿನಾಂಕ, ಸಮಯ ಇಷ್ಟನ್ನು ಬರೆದಿಡುತ್ತೇನೆ. ಜೀರ್ಣೋದ್ಧಾರದ ಹೆಸರಿನಲ್ಲಿ ನೆಲಕ್ಕೆ ಹೊಸ ಕಲ್ಲು, ಕಂಬಕ್ಕೆ ಬಣ್ಣ, ಗೋಡೆಗೆ ಸುಣ್ಣ ಬೀಳಲು ಹೆಚ್ಚು ದಿನ ಬೇಡ. ಮುಂದೊಮ್ಮೆ ಇಲ್ಲಿ ಏನಿತ್ತು ಎಂದು ಕೇಳುವವರು ಬಂದರೆ, ಅವರು ಅದೇ ಜಾಗದಲ್ಲಿ ನಿಂತು ಹೋಲಿಸಿ ನೋಡುವಂತಿರಬೇಕು.