ಶೆಫೀಲ್ಡ್‌ನ ಉದ್ಯಾನದಲ್ಲಿ ಪತನಗೊಂಡ ‘ಮಿ ಅಮಿಗೊ’

ಎರಡನೇ ಮಹಾಯುದ್ಧ ಕಾಲದ ಅಮೆರಿಕದ ಬಾಂಬರ್ ವಿಮಾನ ‘ಮಿ ಅಮಿಗೊ’ 1944ರ ಫೆಬ್ರುವರಿ 22ರಂದು ಸಂಜೆ ಸುಮಾರು 5 ಗಂಟೆಗೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಎಂಡ್‌ಕ್ಲಿಫ್ ಉದ್ಯಾನದಲ್ಲಿ ಪತನಗೊಂಡಿತು. ದಾಳಿಯಿಂದ ಜರ್ಝರಿತವಾಗಿ ಮರಳುತ್ತಿದ್ದ ವಿಮಾನದಲ್ಲಿದ್ದ 10 ಮಂದಿಯೂ ಮೃತಪಟ್ಟರು. ಸುತ್ತಲೂ ಜನವಸತಿಯಿದ್ದರೂ ನೆಲದ ಮೇಲಿದ್ದ ಯಾರೊಬ್ಬರ ಪ್ರಾಣಕ್ಕೂ ಹಾನಿಯಾಗಲಿಲ್ಲ. ‘ಮಿ ಅಮಿಗೊ’ ಎಂಬುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ನನ್ನ ಗೆಳೆಯ’ ಎಂದರ್ಥ.

ದಾಳಿಯ ಹಿನ್ನೆಲೆ

ಜರ್ಮನಿಯ ವಿಮಾನ ಉದ್ಯಮ ಹಾಗೂ ವಾಯುಪಡೆಯನ್ನು ದುರ್ಬಲಗೊಳಿಸುವ ಉದ್ದೇಶದಿಂದ ಮಿತ್ರಪಕ್ಷಗಳು 1944ರ ಫೆಬ್ರುವರಿ 20ರಿಂದ 25ರವರೆಗೆ ಸತತ ದಾಳಿ ನಡೆಸಿದವು. ಇತಿಹಾಸದಲ್ಲಿ ಇದು ‘ಬಿಗ್ ವೀಕ್’ ಎಂದು ದಾಖಲಾಗಿದೆ. ಅದರ ಅಂಗವಾಗಿ, ಜರ್ಮನ್ ವಶದಲ್ಲಿದ್ದ ಡೆನ್ಮಾರ್ಕಿನ ಆಲ್ಬೋರ್ಗ್ ವಿಮಾನ ನಿಲ್ದಾಣದತ್ತ ಒಂದು ತುಕಡಿಯನ್ನು ಕಳುಹಿಸಲಾಯಿತು. ಮುಖ್ಯ ದಾಳಿಯ ಮೇಲೆರಗಬಹುದಾಗಿದ್ದ ಜರ್ಮನ್ ಯುದ್ಧವಿಮಾನಗಳ ಗಮನವನ್ನು ಬೇರೆಡೆಗೆ ಸೆಳೆಯುವುದೂ ಇದರ ಉದ್ದೇಶವಾಗಿತ್ತು.

‘ಮಿ ಅಮಿಗೊ’ ನಾಲ್ಕು ಎಂಜಿನ್‌ಗಳ ಬಿ-17ಜಿ ‘ಫ್ಲೈಯಿಂಗ್ ಫೋರ್ಟ್ರೆಸ್’ ಮಾದರಿಯ ವಿಮಾನ. ರೆಕ್ಕೆಗಳ ಒಟ್ಟು ಅಗಲ ಸುಮಾರು 31.6 ಮೀಟರ್. ನಾರ್ತಾಂಪ್ಟನ್‌ಶೈರಿನ ಚೆಲ್ವೆಸ್ಟನ್ ನೆಲೆಯಲ್ಲಿದ್ದ 305ನೇ ಬಾಂಬಾರ್ಡ್‌ಮೆಂಟ್ ಗ್ರೂಪ್‌ಗೆ ಇದು ಸೇರಿತ್ತು. ಚಾಲಕ ಲೆಫ್ಟಿನೆಂಟ್ ಜಾನ್ ಕ್ರೀಗ್ಸ್‌ಹೌಸರ್ ಅವರಿಗೆ ಆಗ 23 ವರ್ಷ.

ಮರಳುವ ದಾರಿಯಲ್ಲಿ

ಆಲ್ಬೋರ್ಗ್‌ನ ಮೇಲೆ ಮೋಡ ಕವಿದಿದ್ದರಿಂದ ಗುರಿ ಕಾಣಲಿಲ್ಲ. ಜರ್ಮನ್ ಯುದ್ಧವಿಮಾನಗಳ ದಾಳಿಗೆ ಸಿಲುಕಿ ಹಾನಿಗೊಂಡ ‘ಮಿ ಅಮಿಗೊ’ ತನ್ನ ಸಮೂಹದಿಂದ ಬೇರ್ಪಟ್ಟು, ಉತ್ತರ ಸಮುದ್ರವನ್ನು ಏಕಾಂಗಿಯಾಗಿ ದಾಟಬೇಕಾಯಿತು.

ಇಂತಹ ಸ್ಥಿತಿಯಲ್ಲಿ ಬಾಂಬರ್ ವಿಮಾನಕ್ಕೆ ಶತ್ರುವಿನ ಗುಂಡಿನಷ್ಟೇ ಮೋಡವೂ ಅಪಾಯಕಾರಿ. ಎಂಜಿನ್‌ಗಳು ಶಕ್ತಿ ಕಳೆದುಕೊಂಡಂತೆ ವೇಗ ಕುಸಿಯುತ್ತದೆ. ವೇಗ ಒಂದು ಮಿತಿಗಿಂತ ಕಡಿಮೆಯಾದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರವು. ನೆಲ ಕಾಣಿಸಲೆಂದು ಮೋಡದಿಂದ ಕೆಳಗಿಳಿದರೆ, ಚೇತರಿಸಿಕೊಳ್ಳಲು ಬೇಕಾದ ಎತ್ತರ ಉಳಿಯುವುದಿಲ್ಲ.

ಶೆಫೀಲ್ಡ್‌ನ ಮೇಲೆ ಕಾಣಿಸಿಕೊಂಡಾಗ ವಿಮಾನವು ತನ್ನ ನೆಲೆಯಿಂದ ವಾಯವ್ಯಕ್ಕೆ ಸುಮಾರು 135 ಕಿ.ಮೀ. ದೂರ ಬಂದಿತ್ತು. ಮೋಡದಿಂದ ಹೊರಬಂದ ಅದು ಉದ್ಯಾನದ ಅಂಚಿನ ಮರಗಳಿಂದ ತುಂಬಿದ ಇಳಿಜಾರಿಗೆ ಅಪ್ಪಳಿಸಿ, ಎರಡು ತುಂಡಾಗಿ ಹೊತ್ತಿ ಉರಿಯಿತು.

ತ್ಯಾಗವೋ, ಆಕಸ್ಮಿಕವೋ?

ಉದ್ಯಾನದ ಹುಲ್ಲುಹಾಸಿನಲ್ಲಿ ಮಕ್ಕಳು ಆಡುತ್ತಿದ್ದುದನ್ನು ಕಂಡ ಚಾಲಕ, ಅಲ್ಲಿ ಇಳಿಯುವ ಅವಕಾಶವನ್ನು ಕೈಬಿಟ್ಟು ವಿಮಾನವನ್ನು ಮರಗಳತ್ತ ತಿರುಗಿಸಿದರು ಎಂಬ ನಂಬಿಕೆ ನಗರದಲ್ಲಿ ಬಲವಾಗಿ ಬೇರೂರಿದೆ. ಆದರೆ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳು ಒಂದೇ ರೀತಿಯಲ್ಲಿಲ್ಲ. ವಿಮಾನವು ನಿಯಂತ್ರಣ ತಪ್ಪಿ ಬಿದ್ದಿತು ಎಂಬ ವಾದವೂ ಇದೆ. ಚಾಲಕನ ಕೊಠಡಿಯಲ್ಲಿದ್ದ ಯಾರೂ ಬದುಕುಳಿಯದ ಕಾರಣ, ಕೊನೆಯ ಕ್ಷಣದ ನಿರ್ಧಾರಕ್ಕೆ ಸಾಕ್ಷಿ ಹೇಳುವವರಿಲ್ಲ.

ಹಾನಿಗೊಂಡ ವಿಮಾನವನ್ನು ಸಮುದ್ರ ದಾಟಿಸಿ ಇಂಗ್ಲೆಂಡಿನವರೆಗೆ ತಂದದ್ದು ಮಾತ್ರ ನಿರ್ವಿವಾದ. ಕ್ರೀಗ್ಸ್‌ಹೌಸರ್ ಅವರಿಗೆ ಮರಣೋತ್ತರವಾಗಿ ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕ ನೀಡಲಾಯಿತು.

ಸ್ಮಾರಕ

1969ರಲ್ಲಿ ರಾಯಲ್ ಏರ್ ಫೋರ್ಸಸ್ ಅಸೋಸಿಯೇಷನ್ನಿನ ಶೆಫೀಲ್ಡ್ ಶಾಖೆಯು ಪತನದ ಸ್ಥಳದಲ್ಲಿ ಸ್ಮಾರಕ ಸ್ಥಾಪಿಸಿತು. ಮಡಿದ 10 ಮಂದಿಯ ನೆನಪಿಗಾಗಿ 10 ಅಮೆರಿಕನ್ ಓಕ್ ಸಸಿಗಳನ್ನೂ ನೆಡಲಾಯಿತು. ಫೆಬ್ರುವರಿ 22ರ ಆಸುಪಾಸಿನ ಭಾನುವಾರ ಇಲ್ಲಿ ಸ್ಮರಣೆ ಸಲ್ಲಿಸುವ ಸಂಪ್ರದಾಯ ಬೆಳೆದುಬಂದಿದೆ.

ಬಾಲ್ಯದಲ್ಲಿ ಈ ದುರಂತವನ್ನು ಕಣ್ಣಾರೆ ಕಂಡದ್ದಾಗಿ ಹೇಳಿದ ಟೋನಿ ಫೌಲ್ಡ್ಸ್ ಎಂಬ ಹಿರಿಯ ನಾಗರಿಕರು ಸ್ಮಾರಕವನ್ನು ಬಹುಕಾಲ ಸ್ವಯಂಪ್ರೇರಣೆಯಿಂದ ನೋಡಿಕೊಂಡಿದ್ದರು. 2019ರ ಜನವರಿಯಲ್ಲಿ ಬಿಬಿಸಿ ನಿರೂಪಕ ಡಾನ್ ವಾಕರ್ ಅವರೊಂದಿಗಿನ ಆಕಸ್ಮಿಕ ಭೇಟಿಯಿಂದ ಈ ಸಂಗತಿ ಬೆಳಕಿಗೆ ಬಂದಿತು. ಅಗಲಿದ ವೈಮಾನಿಕರಿಗೆ ಆಕಾಶದಲ್ಲೇ ಗೌರವ ಸಲ್ಲಬೇಕೆಂಬುದು ಫೌಲ್ಡ್ಸ್ ಅವರ ಆಸೆಯಾಗಿತ್ತು. ಅದರಂತೆ 2019ರ ಫೆಬ್ರುವರಿ 22ರಂದು, ದುರಂತದ 75ನೇ ವಾರ್ಷಿಕ ದಿನ, ಅಮೆರಿಕ ಮತ್ತು ಬ್ರಿಟನ್ನಿನ ವಾಯುಪಡೆಗಳ ವಿಮಾನಗಳು ಉದ್ಯಾನದ ಮೇಲೆ ಹಾರಿ ವಂದನೆ ಸಲ್ಲಿಸಿದವು. ಸಾವಿರಾರು ಜನ ಅದಕ್ಕೆ ಸಾಕ್ಷಿಯಾದರು.

ಗುರಿಯೇ ಕಾಣದೆ ಹಿಂದಿರುಗಿದ ಈ ಹಾರಾಟಕ್ಕೆ ಯುದ್ಧದ ಇತಿಹಾಸದಲ್ಲಿ ದೊಡ್ಡ ಸ್ಥಾನವೇನಿಲ್ಲ. ಆದರೂ ಪರದೇಶದ 10 ಯುವಕರನ್ನು ಒಂದು ನಗರವು ತನ್ನವರೆಂದೇ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ನೆನಪಿನಲ್ಲಿ ಉಳಿಸಿಕೊಂಡಿರುವುದು ಗಮನಾರ್ಹ.