ಜಿಮ್ಮಿನಲ್ಲಿ ಯಂತ್ರವೋ, ಡಂಬೆಲ್ಲೋ? – ಸದಸ್ಯರ ಮಾಹಿತಿಗಾಗಿ



ಹೊಸೂರು, ಕೃಷ್ಣಗಿರಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಸದಸ್ಯರು ಸಭೆ ಮುಗಿದ ಮೇಲೆ ಈಚೆಗೆ ಕೇಳುವ ಪ್ರಶ್ನೆ ಇದು. ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಒಬ್ಬರೇ ಏಳಲಾಗದೆ ಒಂದು ಗಂಟೆ ನೆಲದ ಮೇಲೇ ಇದ್ದರು. ಕಾಲಿಗೆ ಕಸುವಿರಬೇಕು ಎಂಬುದು ಆಗ ನಮಗೆಲ್ಲ ಮನದಟ್ಟಾಯಿತು.

ನಮಗೆ ಇದು ಹೊಸದಲ್ಲ

ಗರಡಿಯ ಗದೆ, ಊರಬ್ಬದಲ್ಲಿ ಎತ್ತುವ ಗುಂಡುಕಲ್ಲು, ತಮಿಳು ಊರುಗಳ ಇಳವಟ್ಟಕಲ್ಲು – ಇವೆಲ್ಲ ಬಿಡಿ ಭಾರಗಳೇ. ಕೋಲಾರ ಜಿಲ್ಲೆಯ ದೇವರಾಯಸಮುದ್ರದವರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಅವರೇ. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದದ್ದು ಬಾರ್ಬೆಲ್ ಎತ್ತಿ.

ಯಂತ್ರ

ಭಾರ ಹೋಗುವ ದಾರಿಯನ್ನು ಯಂತ್ರವೇ ಹಿಡಿದಿರುತ್ತದೆ. ಪಿನ್ ಬದಲಿಸಿದರೆ ತೂಕ ಬದಲಾಗುತ್ತದೆ. ಕೈಸೋತರೆ ಮೈಮೇಲೆ ಬೀಳುವ ಭಯ ಕಡಿಮೆ. ಹೊಸಬರಿಗೆ, ತೂಗಾಡಿ ನಡೆಯುವ ಹಿರಿಯರಿಗೆ ಅನುಕೂಲ. ಆದರೆ ಆಸನದ ಎತ್ತರ ನಮ್ಮ ಮೈಕಟ್ಟಿಗೆ ಸರಿಹೊಂದಿಸದಿದ್ದರೆ ಮಂಡಿ, ಭುಜಕ್ಕೆ ನೋವು ಬರಬಹುದು. ದೇಹದ ಸಮತೋಲನಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ.

ಡಂಬೆಲ್, ಬಾರ್ಬೆಲ್

ಇಲ್ಲಿ ಭಾರವನ್ನು ನಾವೇ ಹತೋಟಿಯಲ್ಲಿ ಇಡಬೇಕು. ಸೊಂಟ, ಬೆನ್ನು, ಪಾದಗಳೂ ಜೊತೆಗೆ ದುಡಿಯುತ್ತವೆ. ನೀರಿನ ಕೊಡ, ಅಕ್ಕಿ ಮೂಟೆ, ಮೊಮ್ಮಗುವನ್ನು ಎತ್ತುವುದಕ್ಕೆ ಇದು ಹತ್ತಿರದ ಅಭ್ಯಾಸ. ಮನೆಯಲ್ಲೂ ಮಾಡಬಹುದು. ಆದರೆ ಕಲಿಸುವವರು ಬೇಕು. ಬೆನ್ನು ಬಾಗಿಸಿ ಹೆಚ್ಚು ತೂಕ ಎತ್ತಿದರೆ ಪೆಟ್ಟಾಗಬಹುದು.

ಯಾವುದು ಮೇಲು?

ಶಕ್ತಿ ಎರಡರಿಂದಲೂ ಬೆಳೆಯುತ್ತದೆ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಸ್ನಾಯು ಬೆಳವಣಿಗೆಯ ಅಂತರ ಹೆಚ್ಚೇನೂ ಕಂಡಿಲ್ಲ. ಯಾವುದರಲ್ಲಿ ಅಭ್ಯಾಸ ಮಾಡುತ್ತೇವೋ ಅದರಲ್ಲಿ ಹೆಚ್ಚು ಪಳಗುತ್ತೇವೆ, ಅಷ್ಟೆ. ಬಿಡದೆ ಮಾಡುವುದೇ ಮುಖ್ಯ. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ 2 ದಿನವಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 65 ದಾಟಿದವರಿಗೆ ಸಮತೋಲನದ ಅಭ್ಯಾಸ ಸೇರಿದ ವ್ಯಾಯಾಮ ವಾರಕ್ಕೆ 3 ದಿನ.

ಶುರುಮಾಡುವವರಿಗೆ

• ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇದ್ದವರು ಮೊದಲು ವೈದ್ಯರನ್ನು ಕೇಳಿ.
• ಮೊದಲ ಕೆಲವು ವಾರ ಯಂತ್ರದಲ್ಲಿ ಹಗುರ ತೂಕ. ಆಮೇಲೆ ಜೊತೆಗೆ 1–2 ಕೆ.ಜಿ. ಡಂಬೆಲ್.
• 10–12 ಸಲ ಸರಾಗವಾಗಿ ಎತ್ತಲು ಬಂದ ಮೇಲಷ್ಟೇ ತೂಕ ಏರಿಸಿ.
• ಎತ್ತುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ.
• ಜಿಮ್ ದೂರವಾದರೆ, ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ದಿನಕ್ಕೆ 10 ಸಲ ಮಾಡಿ.

ಬಿದ್ದಿದ್ದ ಆ ಹಿರಿಯರು ಈಗ ಈ ಕುರ್ಚಿಯ ಅಭ್ಯಾಸವನ್ನೇ ಮಾಡುತ್ತಿದ್ದಾರೆ. ಹೋದ ತಿಂಗಳ ಸಭೆಗೆ ಮೆಟ್ಟಿಲು ಹತ್ತಿಯೇ ಬಂದರು. ನಮಗೆಲ್ಲ ಸಂತೋಷವಾಯಿತು.

– ಕಾರ್ಯದರ್ಶಿ